ಬುಚ್ ಓಹೇರ್: ವಾಟ್ಸಾಪ್ ಕಥೆಯಲ್ಲಿ ನಿಜ ಎಷ್ಟು? ಎನ್‌ಸಿಸಿ ಮಕ್ಕಳಿಗೆ ಹೇಳಲು ವಿವರ ಬೇಕು

ಹೇಮಾವತಿ_ಹಾಸನ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 4ರ ನೌಕಾ ದಿನಕ್ಕೆ ಇಲ್ಲಿ ಹಾಸನದ ಕಾಲೇಜೊಂದರ ಎನ್‌ಸಿಸಿ ಕೆಡೆಟ್‌ಗಳ ಮುಂದೆ ಮುಕ್ಕಾಲು ಗಂಟೆ ಮಾತಾಡಬೇಕಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾ ಫೈಟರ್ ಪೈಲಟ್ ಆಗಿದ್ದ ಎಡ್ವರ್ಡ್ 'ಬುಚ್' ಓಹೇರ್ ಬಗ್ಗೆ ಹೇಳೋಣ ಅಂತಿದ್ದೇನೆ. ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಕಥೆ ಹೀಗಿದೆ: ಟ್ಯಾಂಕ್ ತುಂಬಿಸುವುದನ್ನು ಯಾರೋ ಮರೆತಿದ್ದರಿಂದ ಓಹೇರ್ ಒಬ್ಬನೇ ಹಡಗಿಗೆ ವಾಪಸ್ ಬರುತ್ತಿದ್ದನಂತೆ, ದಾರಿಯಲ್ಲಿ ಜಪಾನಿ ವಿಮಾನಗಳ ದಂಡು ಎದುರಾಯಿತಂತೆ, ಗುಂಡು ಮುಗಿದ ಮೇಲೆ ತನ್ನ ರೆಕ್ಕೆಯಿಂದಲೇ ಅವುಗಳ ರೆಕ್ಕೆ ಕತ್ತರಿಸಲು ಹೋದನಂತೆ.

ಇದರಲ್ಲಿ ಎಷ್ಟು ನಿಜ? ಒಂದೇ ವಿಮಾನದಲ್ಲಿದ್ದ ಗುಂಡಿನಿಂದ ಐದು ಬಾಂಬರ್ ಉರುಳಿಸಲು ಸಾಧ್ಯವೇ? ಎರಡು ಫೈಟರ್‌ಗಳು ಒಂದರ ಬೆನ್ನನ್ನು ಇನ್ನೊಂದು ಕಾಯುವ ಥ್ಯಾಚ್ ವೀವ್ ಎಂಬ ತಂತ್ರವನ್ನು ಕಾಲೇಜು ಮೈದಾನದಲ್ಲೇ ಮಕ್ಕಳಿಂದ ಮಾಡಿಸಿ ತೋರಿಸಬಹುದೇ? ಓಹೇರ್ ಸತ್ತದ್ದು ಸ್ವಂತ ಕಡೆಯವರ ಗುಂಡಿಗೋ ಶತ್ರುವಿನ ಗುಂಡಿಗೋ ಎಂಬ ಜಗಳವೂ ಇದೆಯಲ್ಲ, ಅದಕ್ಕೇನು ಹೇಳಲಿ? ಮಕ್ಕಳು ಚುರುಕಾಗಿದ್ದಾರೆ, ತಪ್ಪು ಹೇಳಿದರೆ ಅಲ್ಲೇ ಫೋನ್ ತೆಗೆದು ನೋಡುತ್ತಾರೆ. ದಯವಿಟ್ಟು ಲೆಕ್ಕದ ಸಮೇತ ಹೇಳಿ.

---

ಗಿರಿಸೀಮೆ (ಚಿಕ್ಕಮಗಳೂರು) ಉತ್ತರ:

ಮೇಡಂ, ಆ ಫಾರ್ವರ್ಡನ್ನು ಪೂರ್ತಿ ಬದಿಗಿಡಿ. ಟ್ಯಾಂಕ್ ಖಾಲಿ ಇದ್ದದ್ದು ಸುಳ್ಳು, ಒಬ್ಬನೇ ಹಿಂತಿರುಗುತ್ತಿದ್ದದ್ದು ಸುಳ್ಳು, ರೆಕ್ಕೆಯಿಂದ ರೆಕ್ಕೆ ಕತ್ತರಿಸಲು ಹೋದದ್ದೂ ಸುಳ್ಳು. ನಡೆದದ್ದು ಅದಕ್ಕಿಂತ ದೊಡ್ಡದು. ಅದೃಷ್ಟದ ಕಥೆ ಮಾಡಿಬಿಟ್ಟರೆ ಅದರ ಹಿಂದಿನ ಎರಡು ವರ್ಷದ ಅಭ್ಯಾಸ ಕಾಣದೇ ಹೋಗುತ್ತದೆ.

1942ರ ಫೆಬ್ರವರಿ 20. ಲೆಕ್ಸಿಂಗ್‌ಟನ್ ವಿಮಾನವಾಹಕ ಹಡಗು ಜಪಾನಿನ ನೆಲೆಯಾಗಿದ್ದ ರಬೌಲ್ ಕಡೆಗೆ ಹೊರಟಿತ್ತು. ಓಹೇರ್ ಇದ್ದ ಫೈಟರ್ ದಳ ಮೂಲತಃ ಸಾರಟೋಗಾ ಹಡಗಿನದು. ಜನವರಿಯಲ್ಲಿ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ಬಿದ್ದು ಸಾರಟೋಗಾ ದುರಸ್ತಿಗೆ ಹೋದದ್ದರಿಂದ ದಳ ಲೆಕ್ಸಿಂಗ್‌ಟನ್‌ಗೆ ಬಂದಿತ್ತು. ಮುಖ್ಯಸ್ಥ ಜಾನ್ ಥ್ಯಾಚ್. ಬೆಳಿಗ್ಗೆಯಿಂದಲೇ ಜಪಾನಿನ ಗಸ್ತು ವಿಮಾನಗಳು ಹಡಗನ್ನು ಪತ್ತೆ ಮಾಡಿದ್ದವು, ಅವುಗಳಲ್ಲಿ ಎರಡನ್ನು ದಳದವರು ಉರುಳಿಸಿದರು. ಸಂಜೆ ಹೊತ್ತಿಗೆ ರಬೌಲ್‌ನಿಂದ 17 'ಬೆಟ್ಟಿ' ಬಾಂಬರ್‌ಗಳು ಎರಡು ಗುಂಪಾಗಿ ಬಂದವು, ಜೊತೆಗೆ ರಕ್ಷಣೆಗೆ ಫೈಟರ್‌ಗಳಿರಲಿಲ್ಲ. ಮೊದಲ ಒಂಬತ್ತರ ಗುಂಪಿನ ಮೇಲೆ ದಳದ ಹೆಚ್ಚಿನವರು ಮುಗಿಬಿದ್ದರು. ಅಷ್ಟರಲ್ಲಿ ಎಂಟರ ಎರಡನೇ ಗುಂಪು ಬೇರೆ ದಿಕ್ಕಿನಿಂದ ಬಂತು. ಹಡಗಿನ ಮೇಲಿನ ಆಕಾಶದಲ್ಲಿ ಮೀಸಲಾಗಿ ಉಳಿದಿದ್ದವರು ಓಹೇರ್ ಮತ್ತು ಜೊತೆಗಾರ ಡುಫಿಲೊ, ಇಬ್ಬರೇ. ಡುಫಿಲೊನ ಬಂದೂಕುಗಳು ಜಾಮ್ ಆದವು. ಉಳಿದವನು ಒಬ್ಬ.

ಸಮಯ ಎಷ್ಟು ಕಡಿಮೆ ಇತ್ತು ಅನ್ನುವುದು ಮಕ್ಕಳಿಗೆ ಅರ್ಥವಾಗಬೇಕಾದರೆ ಹೀಗೆ ಹೇಳಿ: ಚಿಕ್ಕಮಗಳೂರಿನಿಂದ ಹಾಸನಕ್ಕೆ ನೆಟ್ಟಗೆ ಗೆರೆ ಎಳೆದರೆ ಸುಮಾರು 50 ಕಿ.ಮೀ. ಗಂಟೆಗೆ 300 ಕಿ.ಮೀ. ವೇಗದ ಬಾಂಬರ್‌ಗೆ ಅದು ಹತ್ತೇ ನಿಮಿಷ. ರೇಡಾರ್‌ನಲ್ಲಿ ಕಂಡದ್ದು ಯಾರು ಎಂದು ಖಚಿತಪಡಿಸಿಕೊಳ್ಳುವುದು, ಫೈಟರ್‌ಗೆ ದಿಕ್ಕು ಹೇಳುವುದು, ಫೈಟರ್ ಬಾಂಬರ್‌ಗಿಂತ ಮೇಲೇರುವುದು, ಇಷ್ಟೂ ಅದರೊಳಗೇ ಮುಗಿಯಬೇಕು.

ಇನ್ನು ಗುಂಡಿನ ಲೆಕ್ಕ. ಓಹೇರ್ ಹಾರಿಸಿದ ಎಫ್4ಎಫ್-3 ವೈಲ್ಡ್‌ಕ್ಯಾಟ್‌ನಲ್ಲಿ ಅರ್ಧ ಇಂಚಿನ ನಾಲ್ಕು ಬ್ರೌನಿಂಗ್ ಮೆಷಿನ್‌ಗನ್, ಒಂದೊಂದಕ್ಕೆ 450 ಗುಂಡು, ಒಟ್ಟು 1,800. ನಿಮಿಷಕ್ಕೆ 800ರ ಆಸುಪಾಸಿನ ವೇಗದಲ್ಲಿ ಟ್ರಿಗರ್ ಒತ್ತಿಯೇ ಹಿಡಿದರೆ 34 ಸೆಕೆಂಡಿಗೆ ಎಲ್ಲ ಖಾಲಿ. ಎರಡು ಸೆಕೆಂಡ್ ಒತ್ತಿದರೆ ನಾಲ್ಕೂ ಸೇರಿ ನೂರು ಗುಂಡು ದಾಟುತ್ತದೆ. ಅಂದರೆ ಇಡೀ ಕಾಳಗಕ್ಕೆ ಅವನ ಕೈಲಿದ್ದದ್ದು ಎರಡೆರಡು ಸೆಕೆಂಡಿನ 17 ಬಾರಿ. ಐದು ಬಾಂಬರ್‌ಗೆ ಅದು ಸಾಲುತ್ತದೆ, ಗುರಿ ಸರಿ ಇದ್ದರೆ ಮಾತ್ರ.

ಒಂದು ಎಚ್ಚರಿಕೆ. 'ಒಂದೊಂದು ವಿಮಾನಕ್ಕೆ ಕೇವಲ 60 ಗುಂಡು' ಎಂಬ ಅಂಕಿ ಎಲ್ಲ ಕಡೆ ಸಿಗುತ್ತದೆ. ಐದಕ್ಕೆ 300 ಆಯಿತು. ಆದರೆ ಕೊನೆಯಲ್ಲಿ ಅವನ ಗುಂಡು ಮುಗಿದಿತ್ತು. ಎರಡೂ ಮಾತು ಒಟ್ಟಿಗೆ ಹೇಳಿದರೆ ಯಾವನಾದರೂ ಹುಡುಗ ಕೈ ಎತ್ತೇ ಎತ್ತುತ್ತಾನೆ. 60ರ ಮಾತು ಬೇಡ.

ಐದು ಎನ್ನುವುದು ನೌಕಾಪಡೆ ಅವನ ಹೆಸರಿಗೆ ಬರೆದ ಲೆಕ್ಕ. ಯುದ್ಧದ ನಂತರ ಜಪಾನಿನ ದಾಖಲೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಅವನ ಗುಂಡಿಗೆ ನೇರವಾಗಿ ಬಿದ್ದದ್ದು ಮೂರು, ಉಳಿದವು ಪೆಟ್ಟು ತಿಂದು ಗುಂಪಿನಿಂದ ಹಿಂದೆ ಬಿದ್ದವು ಎಂದು ಗೊತ್ತಾಯಿತು. ಎರಡನ್ನೂ ಹೇಳಿ. ಬೆಂಕಿ ಹತ್ತಿದ ವಿಮಾನ ಕೆಳಗೆ ಹೋದರೆ ಪೈಲಟ್ ಅದನ್ನು ನೋಡುತ್ತ ಕೂರುವಂತಿಲ್ಲ, ಮುಂದಿನದಕ್ಕೆ ತಿರುಗಬೇಕು. ಬೆಂಕಿ ಆರಿಸಿಕೊಂಡು ಅದೇ ವಿಮಾನ ಮತ್ತೆ ಗುಂಪು ಸೇರಿದರೆ ಎರಡು ಸಲ ಎಣಿಕೆಯಾಗುತ್ತದೆ. ಆ ಯುದ್ಧದ ಎಲ್ಲ ದೇಶದ ಎಣಿಕೆಯಲ್ಲೂ ಈ ಏರಿಕೆ ಇದೆ. ಮೂರು ಎಂದರೂ ಸಾಧನೆ ಕುಗ್ಗುವುದಿಲ್ಲ: ಲೆಕ್ಸಿಂಗ್‌ಟನ್ ಮೇಲೆ ಆ ದಿನ ಒಂದು ಬಾಂಬೂ ಬೀಳಲಿಲ್ಲ.

---

ಸಕಲೇಶಪುರ_ಘಾಟ್ ಉತ್ತರ:

ಗಿರಿಸೀಮೆಯವರ ಮಾತಿಗೆ ಗುರಿಯ ಭಾಗ ಸೇರಿಸುತ್ತೇನೆ, ಇಡೀ ಕಥೆಯ ತಿರುಳು ಅಲ್ಲಿದೆ.

ಬೆಟ್ಟಿಯ ಬಾಲದಲ್ಲಿ 20 ಮಿ.ಮೀ. ಫಿರಂಗಿ ಇತ್ತು. ಹಿಂದಿನಿಂದ ನೆಟ್ಟಗೆ ಹೋಗುವುದು ಸುಲಭದ ಗುರಿ, ಆದರೆ ಅದೇ ಸಾವಿನ ದಾರಿ. ಹಾಗಾಗಿ ಅಮೆರಿಕದ ನೌಕಾ ಪೈಲಟ್‌ಗಳಿಗೆ ಪಕ್ಕದಿಂದ, ಮೇಲಿನಿಂದ ಇಳಿದು ಹೊಡೆಯುವುದನ್ನು ಕಲಿಸುತ್ತಿದ್ದರು. ಇದಕ್ಕೆ ಡಿಫ್ಲೆಕ್ಷನ್ ಶೂಟಿಂಗ್ ಎನ್ನುತ್ತಾರೆ. ವಿಮಾನ ಇರುವಲ್ಲಿಗೆ ಹೊಡೆದರೆ ಗುಂಡು ತಲುಪುವ ಹೊತ್ತಿಗೆ ವಿಮಾನ ಅಲ್ಲಿರುವುದಿಲ್ಲ, ಅದು ಬರಲಿರುವ ಜಾಗಕ್ಕೆ ಹೊಡೆಯಬೇಕು.

ಬೋರ್ಡಿನ ಮೇಲೆ ಹೀಗೆ ಲೆಕ್ಕ ಮಾಡಿ ತೋರಿಸಿ. ದೂರ 300 ಮೀಟರ್. ಗುಂಡಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 800 ಮೀಟರ್ ಎಂದಿಟ್ಟುಕೊಂಡರೆ ತಲುಪಲು 0.37 ಸೆಕೆಂಡ್. ಬಾಂಬರ್ ವೇಗ ಗಂಟೆಗೆ 360 ಕಿ.ಮೀ. ಎಂದುಕೊಳ್ಳಿ, ಸೆಕೆಂಡಿಗೆ 100 ಮೀಟರ್. ಅಷ್ಟರಲ್ಲಿ ಅದು 37 ಮೀಟರ್ ಮುಂದೆ ಹೋಗಿರುತ್ತದೆ. ಬೆಟ್ಟಿಯ ಉದ್ದ 20 ಮೀಟರ್. ಅಂದರೆ ಸರಿಯಾಗಿ ಅಡ್ಡದಿಂದ ಬಂದರೆ ಹತ್ತಿರ ಹತ್ತಿರ ಎರಡು ವಿಮಾನದಷ್ಟು ಮುಂದೆ, ಖಾಲಿ ಆಕಾಶಕ್ಕೆ, ಟ್ರಿಗರ್ ಒತ್ತಬೇಕು. ಅದರ ಹಾದಿಗೆ 30 ಡಿಗ್ರಿ ಕೋನದಲ್ಲಿ ಬಂದರೆ ಅರ್ಧ ಸಾಕು, 18 ಮೀಟರ್ ಚಿಲ್ಲರೆ. ಸೈನ್ 30 ಅರ್ಧ ಎಂದು ಪಿಯುಸಿ ಮಕ್ಕಳಿಗೆ ಗೊತ್ತೇ ಇರುತ್ತದೆ, ಅವರೇ ಹೇಳಲಿ.

ಇಳಿಯುವ ಕ್ರಮ: ಶತ್ರುವಿಗಿಂತ ಮೇಲೆ, ಸ್ವಲ್ಪ ಮುಂದೆ, ಒಂದು ಬದಿಗೆ ಜಾಗ ಹಿಡಿ. ಅವನ ಕಡೆಗೆ ತಿರುಗಿ ಇಳಿ. ಅರ್ಧ ದಾರಿಯಲ್ಲಿ ತಿರುವನ್ನು ಎದುರು ದಿಕ್ಕಿಗೆ ಬದಲಿಸು, ಆಗ ಅವನ ಪಕ್ಕಕ್ಕೆ ಓರೆಯಾಗಿ ಬರುತ್ತೀ. 300 ಮೀಟರ್ ಒಳಗೆ ಬಂದ ಮೇಲೆ ಚಿಕ್ಕದಾಗಿ ಹೊಡೆ. ಅವನ ಕೆಳಗೆ ಹಾದುಹೋಗಿ, ಇಳಿದ ವೇಗದಲ್ಲೇ ಆಚೆ ಬದಿಗೆ ಮೇಲೇರು. ತಪ್ಪುವುದು ಎಲ್ಲಿ ಎಂದರೆ, ತಿರುವು ತಡವಾದರೆ ಅವನ ಬಾಲದ ಹಿಂದೆ ಹೋಗಿ ಬೀಳುತ್ತೀ, ಅಲ್ಲಿ ಫಿರಂಗಿ ಕಾದಿರುತ್ತದೆ. ಬೇಗ ತಿರುಗಿದರೆ ಅಡ್ಡಕೋನ ದೊಡ್ಡದಾಗಿ ಗುರಿ ಸಿಕ್ಕುವುದೇ ಇಲ್ಲ. ದೂರದಿಂದಲೇ ಹೊಡೆಯಲು ಶುರು ಮಾಡಿದರೆ ಗುಂಡು ಚದುರಿ ಹೋಗುತ್ತದೆ, ಯಾಕೆಂದರೆ ರೆಕ್ಕೆಯ ಬಂದೂಕುಗಳ ಗೆರೆ ಕೂಡುವಂತೆ ಹೊಂದಿಸಿರುವುದು ಸುಮಾರು 300 ಮೀಟರ್‌ಗೆ.

ಓಹೇರ್ ಮೊದಲು ಗುಂಪಿನ ಬಲಬದಿಯಿಂದ, ಆಮೇಲೆ ಎಡಬದಿಯಿಂದ ಇಳಿದ. ಹಿಂದಿದ್ದ ವಿಮಾನಗಳಿಂದ ಶುರು ಮಾಡಿ ಮುಂದಕ್ಕೆ ಹೋದ. ಗುರಿ ಇಟ್ಟದ್ದು ಎಂಜಿನ್‌ಗಳಿಗೆ. ಬೆಟ್ಟಿಯ ರೆಕ್ಕೆಯೊಳಗಿನ ಇಂಧನ ಟ್ಯಾಂಕ್‌ಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ, ದೂರ ಹಾರಲೆಂದು ತೂಕ ಉಳಿಸಿದ್ದರು. ಎಂಜಿನ್ ಸುತ್ತ ಬಿದ್ದ ಗುಂಡು ಟ್ಯಾಂಕಿಗೂ ತಗಲುತ್ತಿತ್ತು. ದಾಳಿಯ ನಾಯಕ ಇತೊ ಇದ್ದ ವಿಮಾನದ ಎಂಜಿನ್ ಕಿತ್ತುಕೊಂಡೇ ಬಿದ್ದುಹೋಯಿತು. ಆ ವಿಮಾನ ಲೆಕ್ಸಿಂಗ್‌ಟನ್‌ಗೇ ಡಿಕ್ಕಿ ಹೊಡೆಯಲು ಪ್ರಯತ್ನಿಸಿ ಹತ್ತಿರದ ನೀರಿಗೆ ಬಿತ್ತು. ಇಡೀ ಕಾಳಗ ನಾಲ್ಕು ನಿಮಿಷದ ಆಸುಪಾಸು.

ಈ ಕೈಚಳಕ ಬಂದದ್ದು ಬಟ್ಟೆಯ ತೋಳಿನ ಮೇಲಿನ ಅಭ್ಯಾಸದಿಂದ. ಒಂದು ವಿಮಾನ ಉದ್ದನೆಯ ಬಟ್ಟೆಯ ಗುರಿಯನ್ನು ಹಗ್ಗದಲ್ಲಿ ಎಳೆದುಕೊಂಡು ಹೋಗುತ್ತದೆ. ಉಳಿದವರು ಒಬ್ಬೊಬ್ಬರಾಗಿ ಇಳಿದು ಹೊಡೆಯುತ್ತಾರೆ. ಒಬ್ಬೊಬ್ಬನ ಗುಂಡಿನ ತುದಿಗೂ ಬೇರೆ ಬೇರೆ ಬಣ್ಣ ಹಚ್ಚಿರುತ್ತಾರೆ, ತೂತಿನ ಅಂಚಿಗೆ ಬಣ್ಣ ಅಂಟುತ್ತದೆ. ಬಟ್ಟೆ ಬಿಚ್ಚಿ ಹಾಸಿ ಎಣಿಸಿದರೆ ಯಾರದು ಎಷ್ಟು ಎಂದು ಲೆಕ್ಕ ಸಿಕ್ಕಿತು. ಅನುಮಾನಕ್ಕೆ ಜಾಗವೇ ಇಲ್ಲ.

ಡುಫಿಲೊನ ಬಂದೂಕು ನಿಂತದ್ದರ ಬಗ್ಗೆಯೂ ಮಕ್ಕಳು ಕೇಳಬಹುದು. ಆಗಿನ ವೈಲ್ಡ್‌ಕ್ಯಾಟ್‌ಗಳಲ್ಲಿ ಇದು ಸಾಮಾನ್ಯ ಕಾಯಿಲೆ: ಜೋರಾಗಿ ತಿರುಗಿದಾಗ ಪೆಟ್ಟಿಗೆಯೊಳಗಿನ ಗುಂಡಿನ ಪಟ್ಟಿ ಸರಿದು ಮಡಚಿಕೊಂಡು ಬಂದೂಕಿಗೆ ಗುಂಡು ಹೋಗುತ್ತಿರಲಿಲ್ಲ. ಪಟ್ಟಿ ಅಲುಗದಂತೆ ಪೆಟ್ಟಿಗೆಯೊಳಗೆ ಅಡ್ಡತಡೆ ಕೂಡಿಸಿದ ಮೇಲೆ ಕಡಿಮೆಯಾಯಿತು. ಅದೇ ವಿಮಾನದ ಚಕ್ರ ಎತ್ತುವುದೂ ಕೈಯಿಂದಲೇ. ಬಲಗಡೆಯ ಹಿಡಿಯನ್ನು ಸುಮಾರು 30 ಸುತ್ತು ತಿರುಗಿಸಬೇಕು, ಅಷ್ಟು ಹೊತ್ತು ಕಂಟ್ರೋಲ್ ಸ್ಟಿಕ್ ಎಡಗೈಗೆ. ಹೊಸಬರು ಹಾರಿದ ತಕ್ಷಣ ವಿಮಾನ ಮೇಲೆ ಕೆಳಗೆ ತೂಗುತ್ತಿದ್ದದ್ದು ಅದಕ್ಕೇ.

---

ಬೇಲೂರು_ರಸ್ತೆ ಉತ್ತರ:

ಥ್ಯಾಚ್ ವೀವ್ ಅನ್ನು ಖಂಡಿತ ಮೈದಾನದಲ್ಲಿ ಮಾಡಿಸಬಹುದು. ಒಂದು ಗೂಟ, 15 ಮೀಟರ್ ಹಗ್ಗ, ಸುಣ್ಣದ ಪುಡಿ, ಮೂವರು ಕೆಡೆಟ್‌ಗಳು ಸಾಕು. ಥ್ಯಾಚ್ ಇದನ್ನು 1941ರಲ್ಲಿ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ಯೋಚಿಸಿದ. ಆಮೇಲೆ ಆಕಾಶದಲ್ಲಿ ಪರೀಕ್ಷೆ ಮಾಡುವಾಗ ಶತ್ರುವಿನ ಪಾತ್ರ ಮಾಡಿದವನು ಇದೇ ಓಹೇರ್. ಥ್ಯಾಚ್ ತನ್ನ ಕಡೆಯ ವಿಮಾನಗಳ ಶಕ್ತಿಯನ್ನು ಬೇಕೆಂದೇ ತಗ್ಗಿಸಿಕೊಂಡು, ಓಹೇರ್ ಕಡೆಯವರಿಗೆ ಪೂರ್ತಿ ಬಿಟ್ಟುಕೊಟ್ಟ. ಆದರೂ ಓಹೇರ್‌ಗೆ ಸರಿಯಾದ ಗುರಿ ಸಿಗಲಿಲ್ಲ.

ಅಳತೆ ಬಂದದ್ದು ಹೀಗೆ. ಗಂಟೆಗೆ 370 ಕಿ.ಮೀ. ವೇಗದಲ್ಲಿ ಮೂರು ಜಿ ತಿರುವು (ಪೈಲಟ್‌ಗೆ ತನ್ನ ತೂಕ ಮೂರು ಪಟ್ಟು ಅನ್ನಿಸುವಷ್ಟು ಬಿಗಿಯಾದದ್ದು) ತೆಗೆದರೆ ತಿರುವಿನ ತ್ರಿಜ್ಯ ಸುಮಾರು 380 ಮೀಟರ್. ಮೈದಾನದ 1 ಮೀಟರ್ ಎಂದರೆ ಆಕಾಶದ 25 ಮೀಟರ್ ಎಂದಿಟ್ಟುಕೊಳ್ಳಿ. ತ್ರಿಜ್ಯ 15 ಮೀಟರ್ ಆಯಿತು, ಗುಂಡು ಹಾರಿಸುವ 300 ಮೀಟರ್ ದೂರ 12 ಮೀಟರ್ ಆಯಿತು.

ಗೂಟ ನೆಟ್ಟು ಹಗ್ಗ ಹಿಡಿದು ಮುಂದಕ್ಕೆ ಅರ್ಧವೃತ್ತ ಎಳೆಯಿರಿ. ಅದರ ಎರಡು ತುದಿಯಿಂದ ಹಿಂದಕ್ಕೆ ಎರಡು ಸಮಾನಾಂತರ ಗೆರೆ, ನಡುವೆ 30 ಮೀಟರ್. ಎಡ ಗೆರೆಯ ಮೇಲೆ ಒಬ್ಬ, ಬಲ ಗೆರೆಯ ಮೇಲೆ ಒಬ್ಬ, ಒಂದೇ ಸಾಲಿನಲ್ಲಿ ನಡೆದು ಬರಲಿ, ಸೆಕೆಂಡಿಗೆ ಒಂದು ಮೀಟರ್. ಶತ್ರು ಬಲಗಡೆಯವನ ಬೆನ್ನ ಹಿಂದೆ, ಇವರು ನಾಲ್ಕು ಹೆಜ್ಜೆ ಇಡುವಾಗ ಅವನು ಐದು ಹೆಜ್ಜೆ.

ಈಗ ಮುಖ್ಯವಾದದ್ದು: ಎಡಗಡೆಯವನು ನೋಡಬೇಕಾದದ್ದು ತನ್ನ ಬೆನ್ನನ್ನಲ್ಲ, ಬಲಗಡೆಯವನ ಬೆನ್ನನ್ನು. ಬಲಗಡೆಯವನು ಇವನ ಬೆನ್ನನ್ನು. ಶತ್ರು ಬಲಗಡೆಯವನಿಂದ 20 ಮೀಟರ್ ಇದ್ದಾಗ ಎಡಗಡೆಯವನು, ಅಂದರೆ ದಾಳಿಗೆ ಒಳಗಾಗದವನು, ಬಲಕ್ಕೆ ತಿರುಗಿ ಅರ್ಧವೃತ್ತದ ಮೇಲೆ ನಡೆಯುತ್ತಾನೆ. ಆ ತಿರುವೇ ಸಂಕೇತ, ಬಾಯಿ ಬಿಡುವ ಅಗತ್ಯವಿಲ್ಲ. ಅದನ್ನು ಕಂಡ ಕೂಡಲೇ ಬಲಗಡೆಯವನು ಎಡಕ್ಕೆ ತಿರುಗುತ್ತಾನೆ. ಇಬ್ಬರೂ ವೃತ್ತದ ನೆತ್ತಿಯಲ್ಲಿ ಎದುರುಬದುರಾಗುತ್ತಾರೆ. ಎಡ ಭುಜಕ್ಕೆ ಎಡ ಭುಜ ಬರುವಂತೆ ದಾಟಿಕೊಳ್ಳಲಿ. ಆಗ ಬಲಗಡೆಯವನನ್ನು ಅಟ್ಟಿಸಿಕೊಂಡು ಬಂದ ಶತ್ರು ಎಡಗಡೆಯವನ ಮೂಗಿನ ಮುಂದೆಯೇ ಇರುತ್ತಾನೆ. ಅಟ್ಟಿಸುವುದು ಬಿಟ್ಟು ಹೊರಕ್ಕೆ ತಿರುಗಿದರೂ ಪಕ್ಕದ ಗುರಿ ಕೊಟ್ಟಂತೆ.

ಹೆಜ್ಜೆ ಎಣಿಸಿ ನೋಡಿ. ಕಾಲು ವೃತ್ತ 23.5 ಮೀಟರ್, ಅಷ್ಟು ಹೊತ್ತಿನಲ್ಲಿ ಶತ್ರು ಸುಮಾರು 6 ಮೀಟರ್ ಹತ್ತಿರ ಬರುತ್ತಾನೆ. 20ರಿಂದ ಶುರುವಾದರೆ ದಾಟುವಾಗ 14 ಮೀಟರ್ ಇರುತ್ತದೆ, ಅವನಿಗೆ ಗುಂಡಿನ ದೂರ ಸಿಕ್ಕಿರುವುದಿಲ್ಲ. 18ಕ್ಕೆ ತಿರುಗಿದರೆ ಸರಿಯಾಗಿ 12, ಅದೇ ಕೊನೆಯ ಗಡಿ. 15ಕ್ಕೆ ತಿರುಗಿಸಿ ನೋಡಿ, ಬಲಗಡೆಯವನು ದಾಟುವ ಮೊದಲೇ ಹೋದ. ಇದನ್ನು ಮೂರು ಸಲವೂ ಮಾಡಿಸಿದರೆ ಮಕ್ಕಳಿಗೆ ತಾವಾಗೇ ತಿಳಿಯುತ್ತದೆ.

ಮೂರು ತಪ್ಪು ಎಲ್ಲರೂ ಮಾಡುತ್ತಾರೆ. ದಾಳಿಗೆ ಒಳಗಾದವನೇ ಗಾಬರಿಯಿಂದ ಮೊದಲು ತಿರುಗುವುದು. ಆಗ ಲಯ ತಪ್ಪಿ ನೆತ್ತಿಯಲ್ಲಿ ಭೇಟಿಯೇ ಆಗುವುದಿಲ್ಲ. ನಡುವಿನ ಅಂತರ 30 ಮೀಟರ್‌ಗಿಂತ ಕಡಿಮೆ ಮಾಡಿಕೊಳ್ಳುವುದು; ಆಗ ಪೂರ್ತಿ ತಿರುಗುವಷ್ಟರಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗಿರುತ್ತಾರೆ, ಮೂಗು ಶತ್ರುವಿನ ಕಡೆ ಬಂದಿರುವುದಿಲ್ಲ. ಮೂರನೆಯದು, ದಾಟಿದ ಕೂಡಲೇ ಎಡಗಡೆಯವನು ನೆಟ್ಟಗಾಗಿಬಿಡುವುದು. ಶತ್ರುವೂ ಅದೇ ವೃತ್ತದ ಮೇಲಿರುವುದರಿಂದ ಇವನು ಇನ್ನೂ ಮೂರು ನಾಲ್ಕು ಹೆಜ್ಜೆ ವೃತ್ತದ ಮೇಲೇ ಇರಬೇಕು, ಆಮೇಲೆ ಮೊದಲಿನ ದಿಕ್ಕಿಗೆ ವಾಪಸ್.

---

ಗಿರಿಸೀಮೆ (ಚಿಕ್ಕಮಗಳೂರು) ಉತ್ತರ:

ಸಾವಿನ ಪ್ರಶ್ನೆಗೆ. ನಡುವಿನ ವರ್ಷ ಬೇಗ ಹೇಳಿ ಮುಗಿಸಿ: 1942ರ ಏಪ್ರಿಲ್ 21ರಂದು ಅಧ್ಯಕ್ಷ ರೂಸ್‌ವೆಲ್ಟ್ ಕೈಯಿಂದ ಮೆಡಲ್ ಆಫ್ ಆನರ್, ಆಮೇಲೆ ಬಹಳ ಕಾಲ ತರಬೇತಿಯ ಕೆಲಸ. ಮತ್ತೆ ಯುದ್ಧಕ್ಕೆ ಇಳಿದದ್ದು 1943ರ ಆಗಸ್ಟ್ 31ರ ಮಾರ್ಕಸ್ ದ್ವೀಪದ ದಾಳಿಯಲ್ಲಿ, ಇಂಡಿಪೆಂಡೆನ್ಸ್ ಹಡಗಿನಿಂದ, ಹೊಸ ಹೆಲ್‌ಕ್ಯಾಟ್ ವಿಮಾನದಲ್ಲಿ. ಅಕ್ಟೋಬರ್‌ನಲ್ಲಿ ವೇಕ್ ದ್ವೀಪ. ಆಮೇಲೆ ಎಂಟರ್‌ಪ್ರೈಸ್ ಹಡಗಿನ ಇಡೀ ವಿಮಾನ ಪಡೆಯ ಮುಖ್ಯಸ್ಥ.

ಗಿಲ್ಬರ್ಟ್ ದ್ವೀಪಗಳ ಹತ್ತಿರ ಬೆಟ್ಟಿಗಳು ಕತ್ತಲಲ್ಲಿ ಟಾರ್ಪಿಡೊ ಹೊತ್ತು ಬರಲು ಶುರು ಮಾಡಿದವು. ಹೆಲ್‌ಕ್ಯಾಟ್‌ನಲ್ಲಿ ರೇಡಾರ್ ಇರಲಿಲ್ಲ. ರೇಡಾರ್ ಇದ್ದ ಅವೆಂಜರ್ ಟಾರ್ಪಿಡೊ ವಿಮಾನದಲ್ಲಿ ಬಂದೂಕಿನ ಬಲ ಸಾಲದು. ಎರಡನ್ನೂ ಸೇರಿಸಿದರು: ಹಡಗಿನ ರೇಡಾರ್ ಅವೆಂಜರ್‌ಗೆ ದಿಕ್ಕು ಹೇಳಬೇಕು, ಹತ್ತಿರವಾದ ಮೇಲೆ ಅವೆಂಜರ್‌ನ ರೇಡಾರ್ ಹುಡುಕಬೇಕು, ಪಕ್ಕದಲ್ಲೇ ಹಾರುವ ಎರಡು ಹೆಲ್‌ಕ್ಯಾಟ್‌ಗಳು ಶತ್ರುವಿನ ಎಂಜಿನ್ನಿನ ಬೆಂಕಿಯ ಕಿಡಿ ಕಂಡೊಡನೆ ನುಗ್ಗಬೇಕು. ವಿಮಾನವಾಹಕ ಹಡಗಿನಿಂದ ಹೀಗೆ ರಾತ್ರಿ ಬೇಟೆಗೆ ಹೊರಟದ್ದರಲ್ಲಿ ಇದೇ ಮೊದಲಿನದು.

1943ರ ನವೆಂಬರ್ 26ರ ರಾತ್ರಿ ಅವೆಂಜರ್‌ನಲ್ಲಿ ಫಿಲಿಪ್ಸ್, ಹೆಲ್‌ಕ್ಯಾಟ್‌ಗಳಲ್ಲಿ ಓಹೇರ್ ಮತ್ತು ಸ್ಕಾನ್. ಇದರ ದುರ್ಬಲ ಕೊಂಡಿ ಕತ್ತಲಲ್ಲಿ ಮೂವರೂ ಕೂಡಿಕೊಳ್ಳುವುದು. ಮೊದಲಿಗೆ ಕೂಡಿಕೊಳ್ಳಲು ಆಗಲಿಲ್ಲ, ಅವೆಂಜರ್ ಒಂದೇ ಹೋಗಿ ಬೆಟ್ಟಿಗಳನ್ನು ಹೊಡೆಯಿತು. ಕೊನೆಗೆ ದೀಪ ತೋರಿಸಿ ಹತ್ತಿರ ಬರುವಾಗ ನಾಲ್ಕನೇ ವಿಮಾನವೊಂದು ಹಿಂದಿನಿಂದ ಸೇರಿಕೊಂಡಿತು. ಅವೆಂಜರ್‌ನ ಗನ್ನರ್ ಅದರ ಮೇಲೆ ಗುಂಡು ಹಾರಿಸಿದ, ಅದೂ ಹಾರಿಸಿತು. ಓಹೇರ್‌ನ ವಿಮಾನ ಸಾಲಿನಿಂದ ಜಾರಿ ಕತ್ತಲಿಗೆ ಹೋಯಿತು. ಬೆಳಿಗ್ಗೆ ಹುಡುಕಿದರೂ ಏನೂ ಸಿಗಲಿಲ್ಲ. ಬಹುಕಾಲ ಸ್ವಂತ ಗನ್ನರ್‌ನ ಗುಂಡೇ ಎಂದು ಹೇಳುತ್ತಿದ್ದರು. ಹಾರಾಟದ ಸ್ಥಾನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ನಂತರದ ಅಧ್ಯಯನ ಬೆಟ್ಟಿಯ ಮೂಗಿನ ಬಂದೂಕಿನ ಕಡೆಗೇ ಬೊಟ್ಟು ಮಾಡುತ್ತದೆ. ನನಗೂ ಅದೇ ಸರಿ ಎನ್ನಿಸುತ್ತದೆ. ಆ ಗನ್ನರ್‌ನ ಮೇಲೆ ಆರೋಪ ಹೊರಿಸುವ ಧಾಟಿಯಲ್ಲಿ ದಯವಿಟ್ಟು ಹೇಳಬೇಡಿ.

---

ಹೇಮಾವತಿ_ಹಾಸನ:

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಕೇಳಿಬಿಡುತ್ತೇನೆ. ಥ್ಯಾಚ್ ವೀವ್ ನಿಜವಾದ ಯುದ್ಧದಲ್ಲಿ ನಡೆಯಿತೇ? ನಮ್ಮ ನೌಕಾಪಡೆಯ ಫೈಟರ್‌ಗಳ ಬಗ್ಗೆ ಕೊನೆಯಲ್ಲಿ ಐದು ನಿಮಿಷ ಏನು ಹೇಳಬಹುದು?

---

ಬೇಲೂರು_ರಸ್ತೆ ಉತ್ತರ:

ನಡೆಯಿತು, 1942ರ ಜೂನ್ 4ರಂದು ಪೆಸಿಫಿಕ್ ಸಾಗರದ ಮಿಡ್‌ವೇ ಕಾಳಗದಲ್ಲಿ. ಯಾರ್ಕ್‌ಟೌನ್ ಹಡಗಿನ 12 ಟಾರ್ಪಿಡೊ ವಿಮಾನಗಳ ಕಾವಲಿಗೆ ಥ್ಯಾಚ್‌ಗೆ ಸಿಕ್ಕದ್ದು ಆರೇ ವೈಲ್ಡ್‌ಕ್ಯಾಟ್. ಜಪಾನಿನ ಝೀರೋ ಫೈಟರ್‌ಗಳು ಮುತ್ತಿದ ಮೊದಲ ಗಳಿಗೆಯಲ್ಲೇ ಒಂದು ಹೋಯಿತು. ಥ್ಯಾಚ್‌ನ ಜೊತೆಗಾರ ಮ್ಯಾಕೊಂಬರ್ ಬೇರೆ ದಳದಿಂದ ಬಂದವನು, ವೀವ್ ಕಲಿತಿರಲಿಲ್ಲ, ರೇಡಿಯೊ ಸಹ ಕೆಟ್ಟಿತ್ತು. ಹಾಗಾಗಿ ಥ್ಯಾಚ್ ಡಿಬ್ ಎಂಬ ಕಿರಿಯನಿಗೆ ದೂರ ಸರಿದು ಎದುರು ಬದಿ ಹಿಡಿಯಲು ಹೇಳಿದ. ಮ್ಯಾಕೊಂಬರ್ ಥ್ಯಾಚ್‌ನ ಬಾಲಕ್ಕೆ ಅಂಟಿಕೊಂಡೇ ಹಾರಿದ. ಮೂರೇ ವಿಮಾನದಲ್ಲಿ ವೀವ್ ನಡೆದು ಮೂವರೂ ಉಳಿದರು. ಆದರೆ ಕಾಯಬೇಕಿದ್ದ ಟಾರ್ಪಿಡೊ ವಿಮಾನಗಳಲ್ಲಿ ಒಂದೂ ಹಡಗಿನ ಮೇಲೆ ಇಳಿಯಲಿಲ್ಲ. ವೀವ್ ಮಾಡುವವರನ್ನು ಅದು ಕಾಪಾಡುತ್ತದೆ. ಅಂಕುಡೊಂಕಾಗಿ ಹಾರುವುದರಿಂದ ಮುಂದೆ ಸಾಗುವ ವೇಗ ಇಳಿಯುತ್ತದೆ, ಬೇರೆಯವರ ಕಾವಲಿಗೆ ಸಂಖ್ಯೆ ಬೇಕು. ಇದನ್ನು ಬಿಡದೆ ಹೇಳಿ.

ಅಲ್ಲಿ ಅವರು ಹಾರಿಸಿದ್ದು ಎಫ್4ಎಫ್-4, ರೆಕ್ಕೆ ಮಡಚುವ ಮಾದರಿ. ಬಂದೂಕು ನಾಲ್ಕರಿಂದ ಆರಾಯಿತು, ಆದರೆ ಒಂದೊಂದಕ್ಕೆ 240 ಗುಂಡು, ಒಟ್ಟು 1,440. ತೂಕ ಹೆಚ್ಚಿತು, ಏರುವ ವೇಗ ಇಳಿಯಿತು, ಹೊಡೆಯುವ ಕಾಲ 34 ಸೆಕೆಂಡಿನಿಂದ 18ಕ್ಕೆ ಬಂತು. ಥ್ಯಾಚ್ ಇದನ್ನು ಬಲವಾಗಿ ವಿರೋಧಿಸಿದ.

---

ಸಕಲೇಶಪುರ_ಘಾಟ್ ಉತ್ತರ:

ನಮ್ಮದಕ್ಕೆ 1971 ಇದೆಯಲ್ಲ. ನೌಕಾ ದಿನ ಇರುವುದು ಡಿಸೆಂಬರ್ 4ರ ಕರಾಚಿ ದಾಳಿಯ ನೆನಪಿಗೆ. ಅದೇ ದಿನ ಬಂಗಾಳ ಕೊಲ್ಲಿಯಲ್ಲಿ ಐಎನ್‌ಎಸ್ ವಿಕ್ರಾಂತ್‌ನ ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು, ಆಮೇಲೆ ಚಿತ್ತಗಾಂಗ್. 300ನೇ ನೌಕಾ ವಿಮಾನ ದಳ, 'ವೈಟ್ ಟೈಗರ್ಸ್'. ಮುಖ್ಯಸ್ಥ ಲೆಫ್ಟಿನೆಂಟ್ ಕಮಾಂಡರ್ ಎಸ್.ಕೆ. ಗುಪ್ತಾ ಅವರಿಗೂ ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ ಮಹಾವೀರ ಚಕ್ರ ಬಂತು.

ತಾಂತ್ರಿಕವಾಗಿ ಹೇಳಬೇಕಾದದ್ದು ಬಾಯ್ಲರ್ ಮಾತು. ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕು ಬಿಟ್ಟು ಹಡಗಿಗೆ ಪೂರ್ತಿ ವೇಗ ಇರಲಿಲ್ಲ. ವಿಮಾನವಾಹಕ ಹಡಗು ಗಾಳಿಗೆ ಎದುರಾಗಿ ವೇಗವಾಗಿ ಓಡಿದಷ್ಟೂ ಡೆಕ್ ಮೇಲೆ ಎದುರುಗಾಳಿ ಹೆಚ್ಚು, ಉಗಿಯ ಕ್ಯಾಟಪಲ್ಟ್ ಕೊಡಬೇಕಾದ ವೇಗ ಅಷ್ಟು ಕಡಿಮೆ. ಹಡಗು ನಿಧಾನವಾದರೆ ವಿಮಾನದ ತೂಕ ಇಳಿಸಬೇಕು, ಅಂದರೆ ಇಂಧನ ಇಲ್ಲವೇ ಬಾಂಬು ಕಡಿಮೆ, ಅಥವಾ ಒಳ್ಳೆಯ ಗಾಳಿಗೆ ಕಾಯಬೇಕು. ಆ ಮಿತಿಯಲ್ಲೇ ಇಡೀ ಕಾರ್ಯಾಚರಣೆ ನಡೆಸಿದರು.

ಸೀ ಹಾಕ್ ಒಂಟಿ ಆಸನದ ಜೆಟ್, ರೋಲ್ಸ್ ರಾಯ್ಸ್ ನೀನ್ ಎಂಜಿನ್, ಮೂಗಿನ ಕೆಳಗೆ 20 ಮಿ.ಮೀ.ನ ನಾಲ್ಕು ಫಿರಂಗಿ. ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಗೋವಾದ ದಾಬೋಳಿಯಲ್ಲಿರುವ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಒಂದನ್ನು ಇಟ್ಟಿದ್ದಾರೆ. ಬಾಲದ ಕೆಳಗಿನ ಕೊಕ್ಕೆಯನ್ನು ಬಗ್ಗಿ ನೋಡಲು ಹೇಳಿ, ಡೆಕ್ ಮೇಲಿನ ತಂತಿಗೆ ಸಿಕ್ಕಿಸಿಕೊಂಡು ನಿಲ್ಲುವುದು ಅದರಿಂದಲೇ.